ಸರೋವರದ ದಂಡೆಯ ದುಂಡುಮೇಜು: ಎರಾನೋಸ್ ಕೂಟ ಮತ್ತು ಅದರ ಭಾಷೆಗಳು

ಎರಾನೋಸ್ ಎಂಬುದು ಪ್ರಾಚೀನ ಗ್ರೀಕ್ ಪದ. ಬಂದವರೆಲ್ಲರೂ ತಮ್ಮ ತಮ್ಮ ಪಾಲನ್ನು ಹೊತ್ತು ತಂದು, ಒಂದೆಡೆ ಕುಳಿತು, ಒಬ್ಬರದನ್ನು ಇನ್ನೊಬ್ಬರು ಹಂಚಿಕೊಂಡು ಉಣ್ಣುವ ಊಟಕ್ಕೆ ಆ ಹೆಸರು. ಅಲ್ಲಿ ಉಣಬಡಿಸುವ ಯಜಮಾನನಿಲ್ಲ, ಬರಿಗೈಯಲ್ಲಿ ಬರುವ ಅತಿಥಿಯೂ ಇಲ್ಲ. ಸೊಲ್ಲಾಪುರ, ಅಕ್ಕಲಕೋಟೆಗಳ ಸೀಮೆಯಲ್ಲಿ ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಬುತ್ತಿ ಕೊಂಡೊಯ್ದು ಬಂಧುಬಳಗದೊಡನೆ ಹಂಚಿ ಉಂಡವರಿಗೆ ಈ ಪದದ ತಿರುಳು ಬೇಗ ಕೈಗೆ ಹತ್ತುತ್ತದೆ. 1932ರಲ್ಲಿ ಜರ್ಮನಿಯ ಮಾರ್‌ಬುರ್ಗ್ ನಗರದಲ್ಲಿ ಧರ್ಮಶಾಸ್ತ್ರಜ್ಞ ರುಡಾಲ್ಫ್ ಓಟ್ಟೋ ಈ ಹೆಸರನ್ನು ಸೂಚಿಸಿದ್ದು ಓಲ್ಗಾ ಫ್ರೋಬೆ-ಕಾಪ್ಟೈನ್ ಎಂಬ ಮಹಿಳೆಗೆ. ಸ್ವಿಟ್ಜರ್‌ಲೆಂಡಿನ ದಕ್ಷಿಣ ತುದಿಯಲ್ಲಿ, ಮಜ್ಜೋರೆ ಸರೋವರದ ದಂಡೆಯ ಅಸ್ಕೋನಾ ಊರಿನ ಪಕ್ಕದ ಮೋಶಾದಲ್ಲಿ ಆಕೆಗೆ ಒಂದು ಮನೆಯಿತ್ತು. ಆ ಮನೆಯ ತೋಟದಲ್ಲಿ 1928ರಲ್ಲಿ ಆಕೆ ಕಟ್ಟಿಸಿದ್ದ ಉಪನ್ಯಾಸ ಮಂದಿರಕ್ಕೆ ಇನ್ನೂ ತಕ್ಕ ಉಪಯೋಗ ದೊರೆತಿರಲಿಲ್ಲ.

1933ರ ಬೇಸಿಗೆಯಲ್ಲಿ ಅಲ್ಲಿ ಮೊದಲ ಕೂಟ ನಡೆಯಿತು. ಅಲ್ಲಿಂದ ಮುಂದೆ 1988ರವರೆಗೆ, ಎರಡನೆಯ ಮಹಾಯುದ್ಧದ ವರ್ಷಗಳಲ್ಲಿಯೂ ತಪ್ಪದೆ, ಪ್ರಾಣಿಶಾಸ್ತ್ರಜ್ಞರು, ಭೌತವಿಜ್ಞಾನಿಗಳು, ಗಣಿತಜ್ಞರು, ಮನಶ್ಶಾಸ್ತ್ರಜ್ಞರು, ಭಾರತೀಯ ವಿದ್ಯೆಯ ಹಾಗೂ ಇಸ್ಲಾಮಿ ವಿದ್ಯೆಯ ವಿದ್ವಾಂಸರು, ಕಲಾವಿಮರ್ಶಕರು, ಸಂಗೀತತಜ್ಞರು ವರ್ಷಕ್ಕೊಮ್ಮೆ ಅಲ್ಲಿ ಸೇರಿದರು. ಆ ಭಾಷಣಗಳು ಎರಾನೋಸ್ ವಾರ್ಷಿಕ ಎಂಬ ಹೆಸರಿನ 57 ಸಂಪುಟಗಳಾಗಿ ಬಂದಿವೆ. ವಿಜ್ಞಾನ ಮತ್ತು ಮಾನವಿಕಗಳ ನಡುವಣ ಕಂದಕದ ಕುರಿತು ಸಿ. ಪಿ. ಸ್ನೋ 1959ರಲ್ಲಿ ಕೇಂಬ್ರಿಜ್‌ನಲ್ಲಿ ನೀಡಿದ ಉಪನ್ಯಾಸವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದಕ್ಕೂ ಕಾಲು ಶತಮಾನ ಮೊದಲೇ ಆ ಕಂದಕದ ಎರಡೂ ದಡಗಳವರನ್ನು ಒಂದೇ ಮೇಜಿನ ಸುತ್ತ ಕೂರಿಸಿದ್ದ ಈ ಕೂಟದ ಕಾರ್ಯವಿಧಾನವನ್ನೂ ಅದರ ಕುಂದುಗಳನ್ನೂ ಪರಿಶೀಲಿಸುವುದು ದ್ವಿಭಾಷಿಕ ವಿದ್ವಾಂಸರಿಗೆ ಬೇರೊಂದು ಕಾರಣಕ್ಕಾಗಿಯೂ ಅಗತ್ಯವಾಗಿದೆ. ಶಾಸ್ತ್ರ ಶಾಸ್ತ್ರಗಳ ನಡುವೆ ಸೇತುವೆ ಕಟ್ಟಿದ ಈ ಕೂಟ ತಾನು ನಿಂತಿದ್ದ ನೆಲದ ಭಾಷೆಯ ಕಡೆಗೆ ಬಹುಮಟ್ಟಿಗೆ ಬೆನ್ನು ಮಾಡಿ ಕುಳಿತಿತ್ತು.

ಓಲ್ಗಾ 1881ರಲ್ಲಿ ಲಂಡನ್ನಿನಲ್ಲಿ ಡಚ್ ತಂದೆತಾಯಿಗಳಿಗೆ ಹುಟ್ಟಿದವರು. ತಂದೆ ಇಂಜಿನಿಯರ್; ಪತಿ ಇವಾನ್ ಫ್ರೋಬೆ ಸಂಗೀತಗಾರ. ಪತಿ 1915ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೆ ಆಕೆ ಕೆಲವು ವರ್ಷಗಳಲ್ಲಿ ಅಸ್ಕೋನಾಕ್ಕೆ ಬಂದು, ತಂದೆ ಕೊಂಡ ಕಾಸಾ ಗಾಬ್ರಿಯೆಲ್ಲಾ ಎಂಬ ಮನೆಯಲ್ಲಿ ನೆಲೆಸಿದರು. ಆಕೆಗೆ ವಿಶ್ವವಿದ್ಯಾಲಯದ ಹುದ್ದೆಯಿರಲಿಲ್ಲ, ಯಾವ ಶಾಸ್ತ್ರದಲ್ಲಿಯೂ ಅಧಿಕೃತ ಸ್ಥಾನವಿರಲಿಲ್ಲ. ಮೊದಲಿಗೆ ಥಿಯೊಸಫಿಯ ಒಲವುಳ್ಳವರೊಡನೆ ಕೂಡಿ ಬೇಸಿಗೆ ಶಾಲೆ ನಡೆಸಿದ್ದರು. ಅದು ತೃಪ್ತಿ ಕೊಡಲಿಲ್ಲ. ಗಂಭೀರ ವಿದ್ವತ್ತಿನ ನೆಲೆಗಟ್ಟಿಲ್ಲದೆ ಪೂರ್ವ ಪಶ್ಚಿಮಗಳ ಮಾತು ಹವ್ಯಾಸಿಗಳ ಕಾಲಕ್ಷೇಪವಾಗುತ್ತದೆಂಬುದನ್ನು ಕಂಡುಕೊಂಡದ್ದೇ ಅವರ ಬುದ್ಧಿವಂತಿಕೆ. ಮೊದಲ ವರ್ಷದ ವಿಷಯ ಪೂರ್ವ ಮತ್ತು ಪಶ್ಚಿಮಗಳಲ್ಲಿ ಯೋಗ ಹಾಗೂ ಧ್ಯಾನ. ಭಾರತಶಾಸ್ತ್ರಜ್ಞ ಹೈನ್‌ರಿಖ್ ಜಿಮ್ಮರ್ ತಾಂತ್ರಿಕ ಯೋಗವನ್ನು ಕುರಿತು ಮಾತನಾಡಿದರು. ಪಾಲಿ ವಿದ್ವಾಂಸೆ ಕ್ಯಾರೊಲಿನ್ ರೈಸ್ ಡೇವಿಡ್ಸ್ ಬಂದಿದ್ದರು. ಮನಶ್ಶಾಸ್ತ್ರಜ್ಞ ಕಾರ್ಲ್ ಗುಸ್ಟಾವ್ ಯುಂಗ್ ಇದ್ದರು. ಮುಂದಿನ ಎರಡು ದಶಕ ಯುಂಗ್ ಈ ಕೂಟದ ಅಘೋಷಿತ ಕೇಂದ್ರವಾಗಿ ಉಳಿದರು. ಎರಾನೋಸ್ ಎಂದರೆ ಯುಂಗ್ ಪಂಥದ ಸಭೆ ಎಂಬ ತಿಳಿವಳಿಕೆ ಹರಡಿರುವುದು ಇದರಿಂದಲೇ. ಆದರೆ ವಾರ್ಷಿಕಗಳನ್ನು ತೆರೆದು ನೋಡಿದರೆ ಆ ತಿಳಿವಳಿಕೆ ಅರ್ಧ ಮಾತ್ರ ನಿಜವೆಂದು ಕಾಣುತ್ತದೆ.

ಕೂಟದ ಕಟ್ಟುಪಾಡು ಸರಳ. ವರ್ಷಕ್ಕೊಂದು ವ್ಯಾಪಕ ವಿಷಯ. ಬೇಸಿಗೆಯ ಕೊನೆಯಲ್ಲಿ ಎಂಟು ಹತ್ತು ದಿನ. ಸುಮಾರು ಅಷ್ಟೇ ಸಂಖ್ಯೆಯ ಭಾಷಣಕಾರರು. ಒಬ್ಬೊಬ್ಬರಿಗೂ ನಡುವೆ ಬಿಡುವಿರುವ ಎರಡು ಗಂಟೆಗಳ ಕಾಲ. ಭಾಷಣದ ಕೊನೆಗೆ ಸಾರ್ವಜನಿಕ ಪ್ರಶ್ನೋತ್ತರವಿಲ್ಲ, ಗೊತ್ತುವಳಿಯಿಲ್ಲ, ಸಮಾರೋಪದ ಹೇಳಿಕೆಯಿಲ್ಲ. ನಿಜವಾದ ಚರ್ಚೆ ನಡೆಯುತ್ತಿದ್ದುದು ತೋಟದ ಮರಗಳ ಕೆಳಗೆ, ಭಾಷಣಕಾರರು ಒಟ್ಟಿಗೆ ಊಟಕ್ಕೆ ಕೂರುತ್ತಿದ್ದ ದುಂಡುಮೇಜಿನ ಸುತ್ತ. ಇಂದಿನ ವಿಚಾರ ಸಂಕಿರಣಗಳಲ್ಲಿ ಹದಿನೈದು ನಿಮಿಷದ ಪ್ರಬಂಧಕ್ಕೆ ಐದು ನಿಮಿಷದ ಪ್ರಶ್ನೆ ಎಂಬ ಲೆಕ್ಕಕ್ಕೆ ಒಗ್ಗಿಕೊಂಡವರಿಗೆ ಇದು ವಿಚಿತ್ರವೆನಿಸಬಹುದು. ಸಾರ್ವಜನಿಕ ಪ್ರಶ್ನೆಯಿಲ್ಲದಿರುವುದು ಒಂದು ದೋಷವೇ. ಪರೀಕ್ಷೆಗೊಳಗಾಗದ ಊಹೆಗಳು ಎಷ್ಟೋ ಅಲ್ಲಿ ಸಲೀಸಾಗಿ ಸಂದುಹೋಗಿವೆ. ಆದರೆ ಅದರ ಲಾಭವೂ ಸಣ್ಣದಲ್ಲ. ಎರಡು ಗಂಟೆಗಳ ಅವಕಾಶವಿದ್ದಾಗ ಪ್ರಾಣಿಶಾಸ್ತ್ರಜ್ಞನು ತನ್ನ ಪರಿಭಾಷೆಯನ್ನು ಮೂಲದಿಂದ ಬಿಡಿಸಿ ಹೇಳಲೇಬೇಕು. ಎದುರಿಗಿರುವವರು ತನ್ನ ಶಾಸ್ತ್ರದವರಲ್ಲವಾದುದರಿಂದ ಸಂಕ್ಷೇಪದ ಸಂಕೇತಗಳು ನಡೆಯುವುದಿಲ್ಲ. ಅದೇ ಜನ ಹತ್ತಾರು ವರ್ಷ ಮರಳಿ ಮರಳಿ ಬರುತ್ತಿದ್ದುದರಿಂದ ಒಂದು ವರ್ಷ ಊಟದ ಮೇಜಿನಲ್ಲಿ ಎದ್ದ ಆಕ್ಷೇಪಕ್ಕೆ ಮರುವರ್ಷದ ಭಾಷಣದಲ್ಲಿ ಉತ್ತರ ನೀಡುವ ಅವಕಾಶವಿತ್ತು.

ವಿಜ್ಞಾನದ ಕಡೆಯವರು ಹೆಚ್ಚಾಗಿ ಬಂದದ್ದು ಯುದ್ಧಾನಂತರ. ಯುದ್ಧದ ನಡುವೆ, 1940ರಲ್ಲಿ, ದಾರಿಗಳೆಲ್ಲ ಮುಚ್ಚಿದ್ದಾಗ ಕೂಟವನ್ನು ಉಳಿಸಿದ್ದು ಬಾಸೆಲ್‌ನ ಗಣಿತಜ್ಞ ಆಂಡ್ರಿಯಾಸ್ ಶ್ಪೈಸರ್ ಅವರ ಭಾಷಣ. ಪ್ಲೇಟೋವಿನ ಪರಂಪರೆ ಹಾಗೂ ಕ್ರೈಸ್ತರ ತ್ರಿಮೂರ್ತಿ ತತ್ತ್ವವನ್ನು ಕುರಿತು ಆತ ಮಾತನಾಡಿದ ಮೇಲೆ ಯುಂಗ್ ಎದ್ದು, ಸಿದ್ಧತೆಯಿಲ್ಲದೆಯೇ, ಅದೇ ತತ್ತ್ವದ ಮನಶ್ಶಾಸ್ತ್ರವನ್ನು ಕುರಿತು ಮಾತನಾಡಿದರು. 1946ರಲ್ಲಿ ವಿಷಯವೇ ಚೈತನ್ಯ ಮತ್ತು ಪ್ರಕೃತಿ. ಆ ವರ್ಷ ಡಬ್ಲಿನ್‌ನಿಂದ ಎರ್ವಿನ್ ಶ್ರೋಡಿಂಗರ್ ಬಂದರು. ಕ್ವಾಂಟಮ್ ಯಂತ್ರಶಾಸ್ತ್ರಕ್ಕೆ ಅಲೆಯ ಸಮೀಕರಣವನ್ನು ಕೊಟ್ಟ, 'ಜೀವವೆಂದರೇನು' ಎಂಬ ಕೃತಿಯಿಂದ ಜೀವವಿಜ್ಞಾನಿಗಳನ್ನು ಆಗತಾನೇ ಕೆಣಕಿದ್ದ ಶ್ರೋಡಿಂಗರ್ ಅಲ್ಲಿ ಎತ್ತಿಕೊಂಡದ್ದು ವಿಜ್ಞಾನದ ಒಂದು ಮೂಲ ನಿಯಮವನ್ನು. ಲೋಕವನ್ನು ವಸ್ತುವಾಗಿ ಕಾಣುವ ಸಲುವಾಗಿ ವಿಜ್ಞಾನವು ಮೊದಲ ಹೆಜ್ಜೆಯಲ್ಲಿಯೇ ನೋಡುವವನನ್ನು ಚಿತ್ರದಿಂದ ಹೊರಗಿಡುತ್ತದೆ. ಆಮೇಲೆ ಆ ಚಿತ್ರದಲ್ಲಿ ಬಣ್ಣವಿಲ್ಲ, ನೋವಿಲ್ಲ, ಮೌಲ್ಯವಿಲ್ಲ ಎಂದು ಅಚ್ಚರಿಪಡುವುದರಲ್ಲಿ ಅರ್ಥವಿಲ್ಲ. ಮುಂದೆ 1958ರಲ್ಲಿ ಬಂದ ಆತನ 'ಮನಸ್ಸು ಮತ್ತು ದ್ರವ್ಯ' ಎಂಬ ಪುಸ್ತಕದಲ್ಲಿ ಇದೇ ವಿಚಾರ ವಿಸ್ತಾರಗೊಂಡಿದೆ. 1948ರಲ್ಲಿ ಗಣಿತಜ್ಞ ಹರ್ಮನ್ ವೈಲ್ ವಿಜ್ಞಾನವನ್ನು ಮಾನವನ ಸಾಂಕೇತಿಕ ನಿರ್ಮಾಣವೆಂದು ವಿವರಿಸಿದರು. 1951ರಲ್ಲಿ, ಕಾಲವನ್ನು ಕುರಿತ ಕೂಟದಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನಿರ್ಮಾತೃಗಳಲ್ಲಿ ಒಬ್ಬರಾದ ಮ್ಯಾಕ್ಸ್ ಕ್ನೋಲ್ ಮಾತನಾಡಿದರು. ಯುಂಗ್ ತಮ್ಮ ಕಡೆಯ ಎರಾನೋಸ್ ಭಾಷಣವನ್ನು ಮಾಡಿದ್ದೂ ಆಗಲೇ. ಕಲೆಯ ಕಡೆಯಿಂದ ಕವಿ ಮತ್ತು ಕಲಾವಿಮರ್ಶಕ ಹರ್ಬರ್ಟ್ ರೀಡ್, ಸಂಗೀತತತ್ತ್ವಜ್ಞ ವಿಕ್ಟರ್ ತ್ಸುಕರ್‌ಕಾಂಡ್ಲ್ ಮೊದಲಾದವರು ಬಂದರು.

ಇವರೆಲ್ಲರಿಗಿಂತ ಹೆಚ್ಚು ಕಾಲ ಹೆಚ್ಚು ಆಳವಾಗಿ ಕೂಟದಲ್ಲಿ ಬೇರುಬಿಟ್ಟ ವಿಜ್ಞಾನಿ ಬಾಸೆಲ್‌ನ ಪ್ರಾಣಿಶಾಸ್ತ್ರಜ್ಞ ಅಡಾಲ್ಫ್ ಪೋರ್ಟ್‌ಮಾನ್. 1946ರಿಂದ ಮೂರು ದಶಕಗಳ ಕಾಲ ಆತ ಬಂದರು. 1962ರಲ್ಲಿ ಓಲ್ಗಾ ತೀರಿಕೊಂಡ ಮೇಲೆ ರುಡಾಲ್ಫ್ ರಿಟ್ಸೆಮಾ ಅವರೊಡನೆ ಕೂಟದ ಹೊಣೆಯನ್ನೂ ಹೊತ್ತರು. ಪೋರ್ಟ್‌ಮಾನ್‌ರ ಎರಡು ವಿಚಾರಗಳು ಇಲ್ಲಿ ಮುಖ್ಯ. ಮೊದಲನೆಯದು ಪ್ರಾಣಿಯ ಹೊರರೂಪವನ್ನು ಕುರಿತದ್ದು. ಪ್ರಾಣಿಯ ಒಳಗಿನ ಅಂಗಗಳು ಒಂದು ಪ್ರಭೇದದಿಂದ ಇನ್ನೊಂದಕ್ಕೆ ಬಹಳ ಭಿನ್ನವಾಗಿ ಕಾಣುವುದಿಲ್ಲ. ಎರಡು ಹಕ್ಕಿಗಳ ಕರುಳನ್ನು ನೋಡಿ ಇದು ಯಾವ ಹಕ್ಕಿಯದೆಂದು ಹೇಳುವುದು ಕಷ್ಟ, ಒಂದು ಗರಿ ಸಿಕ್ಕಿದರೆ ಸುಲಭ. ಬಣ್ಣ, ಚಿತ್ತಾರ, ಕೊಂಬು, ಕೂಗು ಇವೆಲ್ಲ ಉಳಿವಿನ ಉಪಯೋಗಕ್ಕಷ್ಟೇ ಇರುವ ಸಾಧನಗಳಲ್ಲ, ಜೀವಿಯು ತನ್ನನ್ನು ತಾನು ತೋರ್ಪಡಿಸಿಕೊಳ್ಳುವ ಬಗೆ ಎಂಬುದು ಆತನ ವಾದ. ಡಾರ್ವಿನ್ನನ ಮಾರ್ಗದ ಜೀವವಿಜ್ಞಾನಿಗಳು ಇದನ್ನು ಸಂಶಯದಿಂದಲೇ ಕಂಡರು. ಆದರೆ ತತ್ತ್ವಜ್ಞೆ ಹ್ಯಾನಾ ಆರೆಂಟ್ ತಮ್ಮ ಕೊನೆಯ ಕೃತಿಯಾದ 'ಮನಸ್ಸಿನ ಬದುಕು' ಎಂಬುದರಲ್ಲಿ ತೋರಿಕೆಯ ಲೋಕವನ್ನು ಕುರಿತು ಬರೆಯುವಾಗ ಪೋರ್ಟ್‌ಮಾನ್‌ರನ್ನೇ ಆಧಾರವಾಗಿ ಹಿಡಿದರು. ಪ್ರಯೋಗಾಲಯದ ಅವಲೋಕನವೊಂದು ರಾಜಕೀಯ ತತ್ತ್ವಶಾಸ್ತ್ರದ ಒಳಗೆ ಹಾದುಹೋದ ಬಗೆ ಇದು. ಎರಡು ಶಾಸ್ತ್ರಗಳನ್ನು ಬೆರೆಸಿಬಿಡುವುದಕ್ಕಿಂತ ಇದು ಎಷ್ಟೋ ಮೇಲು.

ಎರಡನೆಯ ವಿಚಾರ ಭಾಷೆಗೆ ಇನ್ನೂ ಹತ್ತಿರದ್ದು. ಕುದುರೆ, ಆನೆ, ಹಸುಗಳ ಮರಿಗಳು ಹುಟ್ಟಿದ ಕೆಲವೇ ಹೊತ್ತಿನಲ್ಲಿ ಎದ್ದು ನಿಂತು ತಾಯಿಯ ಹಿಂದೆ ನಡೆಯುತ್ತವೆ. ದೀರ್ಘ ಗರ್ಭಾವಧಿ, ಒಂದೊಂದೇ ಮರಿ, ಬೆಳೆದ ಇಂದ್ರಿಯಗಳು, ಇವು ಉನ್ನತ ಸಸ್ತನಿಗಳ ಲಕ್ಷಣ. ಆ ಲೆಕ್ಕದಲ್ಲಿ ಮನುಷ್ಯ ಶಿಶು ಹುಟ್ಟುವಾಗಲೇ ನಿಲ್ಲಬಲ್ಲದ್ದಾಗಿರಬೇಕು. ಆದರೆ ಅದು ಆ ಸ್ಥಿತಿಗೆ ಬರುವುದು ಹುಟ್ಟಿದ ಸುಮಾರು ಒಂದು ವರ್ಷಕ್ಕೆ. ಮನುಷ್ಯನು ಒಂದು ವರ್ಷ ಮುಂಚೆಯೇ ಹುಟ್ಟುತ್ತಾನೆ ಎಂದು ಪೋರ್ಟ್‌ಮಾನ್ 1944ರ ತಮ್ಮ ಪುಸ್ತಕದಲ್ಲಿ ಬರೆದರು. ಆ ವರ್ಷವನ್ನು ಶಿಶುವು ಕಳೆಯುವುದು ಒಂದು ಎರಡನೆಯ ಗರ್ಭದಲ್ಲಿ: ತೋಳುಗಳ, ಮುಖಗಳ, ಮಾತುಗಳ ನಡುವೆ. ನೇರ ನಿಲ್ಲುವುದು, ಆಡುವುದು, ಅರಿತು ನಡೆಯುವುದು, ಈ ಮೂರೂ ರೂಪುಗೊಳ್ಳತೊಡಗುವುದು ಆ ಸಾಮಾಜಿಕ ಗರ್ಭದಲ್ಲಿಯೇ. ಹೀಗೆ ಮುಂಚೆ ಹುಟ್ಟುವುದಕ್ಕೆ ಕಾರಣವೇನು ಎಂಬುದರ ಬಗ್ಗೆ ಜೀವವಿಜ್ಞಾನದಲ್ಲಿ ಚರ್ಚೆ ಮುಂದುವರಿದಿದೆ; ಸೊಂಟದ ಎಲುಬಿನ ಅಗಲವೋ ತಾಯಿಯ ದೇಹಶಕ್ತಿಯ ಮಿತಿಯೋ ಎಂಬ ವಾದಗಳಿವೆ. ಆದರೂ ಮನೆಮಾತು ಎಂಬುದು ಆಮೇಲೆ ತೊಡಿಸುವ ಉಡುಪಲ್ಲ, ಶಿಶುವಿನ ಬೆಳವಣಿಗೆ ಮುಗಿಯುವ ಮುನ್ನವೇ ಅದರೊಳಕ್ಕೆ ಸೇರುವ ಅಂಶ ಎಂಬ ಮಾತಿಗೆ ಪ್ರಾಣಿಶಾಸ್ತ್ರದಿಂದ ಬಂದ ಇಷ್ಟು ಗಟ್ಟಿಯಾದ ಬೆಂಬಲ ಅಪರೂಪ. ಮಗು ಮನೆಯಲ್ಲಿ ಕೇಳಿದ ಮಾತಿಗೂ ಮೊದಲ ದಿನ ಶಾಲೆಯಲ್ಲಿ ಕೇಳುವ ಮಾತಿಗೂ ಇರುವ ಅಂತರವನ್ನು ಕಾಸರಗೋಡು, ತಾಳವಾಡಿ, ಮಡಕಶಿರಾಗಳಲ್ಲಿ ಆಡಳಿತದ ಪ್ರಶ್ನೆಯೆಂದು ಚರ್ಚಿಸುವುದೇ ವಾಡಿಕೆ. ಪೋರ್ಟ್‌ಮಾನ್‌ರ ದೃಷ್ಟಿಯಲ್ಲಿ ಅದು ಜೀವಿಯ ರಚನೆಯ ಪ್ರಶ್ನೆಯೂ ಹೌದು.

ಇನ್ನು ಕೂಟದ ನೆರಳಿನ ಭಾಗ. 1934ರ ಸಂಪುಟದ ಪರಿವಿಡಿ ಒಂದೇ ಸಾಕು, ಇಪ್ಪತ್ತನೆಯ ಶತಮಾನದ ದುರಂತವನ್ನು ಒಂದು ಪುಟದಲ್ಲಿ ತೋರಿಸಲು. ಅದರಲ್ಲಿ ಜರ್ಮನ್ ಜನಾಂಗೀಯ ಧರ್ಮದ ಚಳವಳಿಯನ್ನು ಆಗಲೇ ಮುನ್ನಡೆಸುತ್ತಿದ್ದ ಟ್ಯೂಬಿಂಗನ್‌ನ ಭಾರತಶಾಸ್ತ್ರಜ್ಞ ಯಾಕೋಬ್ ವಿಲ್‌ಹೆಲ್ಮ್ ಹೌವರ್ ಇದ್ದಾರೆ. ನಾತ್ಸಿಗಳು ಅಧಿಕಾರಕ್ಕೆ ಬಂದೊಡನೆ ಫ್ರಾಂಕ್‌ಫರ್ಟಿನ ಹುದ್ದೆಯನ್ನು ಬಿಡಬೇಕಾಗಿ ಬಂದ ಯಹೂದಿ ತತ್ತ್ವಜ್ಞ ಮಾರ್ಟಿನ್ ಬೂಬರ್ ಇದ್ದಾರೆ. ಮುಸೊಲಿನಿಯ ಆಡಳಿತ 1931ರಲ್ಲಿ ಪ್ರಾಧ್ಯಾಪಕರಿಂದ ಬಯಸಿದ ನಿಷ್ಠೆಯ ಪ್ರಮಾಣವಚನವನ್ನು ನಿರಾಕರಿಸಿದ ಬೆರಳೆಣಿಕೆಯ ಮಂದಿಯಲ್ಲಿ ಒಬ್ಬರಾಗಿ ರೋಮ್‌ನ ಪೀಠವನ್ನು ಕಳೆದುಕೊಂಡ ಎರ್ನೆಸ್ಟೋ ಬೂಯೊನಾಯುತಿ ಇದ್ದಾರೆ. ಹಾಗೂ ರಾಮಕೃಷ್ಣ ಸಂಘದ ಸ್ವಾಮಿ ಯತೀಶ್ವರಾನಂದರಿದ್ದಾರೆ. ಹಿಂದೂ ಧರ್ಮದ ಸಂಕೇತಗಳನ್ನು ಕುರಿತು ಅಲ್ಲಿ ಬರೆದ ಯತೀಶ್ವರಾನಂದರು ಮುಂದೆ 1951ರಿಂದ 1966ರವರೆಗೆ ಬೆಂಗಳೂರಿನ ರಾಮಕೃಷ್ಣಾಶ್ರಮದ ಅಧ್ಯಕ್ಷರಾಗಿದ್ದವರು. ಕನ್ನಡ ನಾಡಿನ ಸಾಧಕರ ಒಂದು ತಲೆಮಾರಿಗೆ ಪರಿಚಿತರು. ಪೂರ್ವವನ್ನು ಕುರಿತು ಅಷ್ಟೆಲ್ಲ ಮಾತು ನಡೆದ ಕೂಟದಲ್ಲಿ ಪೂರ್ವದವರೇ ಬಂದು ಮಾತನಾಡಿದ್ದು ವಿರಳವೆಂಬುದನ್ನು ಗಮನಿಸಿದರೆ ಆ ಹೆಸರಿನ ತೂಕ ತಿಳಿಯುತ್ತದೆ. ಜಪಾನಿನ ಡಿ. ಟಿ. ಸುಜುಕಿ ಬಂದದ್ದು 1953ರಲ್ಲಿ. ತೋಶಿಹಿಕೊ ಇಜುತ್ಸು 1967ರಲ್ಲಿ. ಭಾರತದ ಪುರಾಣ ಮತ್ತು ಶಿಲ್ಪಗಳನ್ನು ಕುರಿತು ಅಷ್ಟು ಸೊಗಸಾಗಿ ಮಾತನಾಡಿದ ಜಿಮ್ಮರ್ ಭಾರತವನ್ನು ಕಣ್ಣಾರೆ ಕಾಣದೆಯೇ, 1943ರಲ್ಲಿ, ಅಮೆರಿಕದಲ್ಲಿ ತೀರಿಕೊಂಡರು. ಪತ್ನಿ ಯಹೂದಿ ಮೂಲದವರೆಂಬ ಕಾರಣಕ್ಕೆ ಆತ ಹೈಡೆಲ್‌ಬರ್ಗ್‌ನ ಹುದ್ದೆ ಕಳೆದುಕೊಂಡು ದೇಶ ಬಿಟ್ಟಿದ್ದರು.

ಯುಂಗ್ ಅವರ ನಡತೆಯ ಪ್ರಶ್ನೆಯೂ ಇತ್ತು. 1933ರ ಬಳಿಕ ಜರ್ಮನಿಯಲ್ಲಿ ನೆಲೆಗೊಂಡಿದ್ದ ಮನೋಚಿಕಿತ್ಸಾ ಸಂಘದ ಅಧ್ಯಕ್ಷತೆಯನ್ನು ಆತ ಒಪ್ಪಿಕೊಂಡದ್ದು, ಮರುವರ್ಷ ಯಹೂದಿ ಮನಸ್ಸು ಮತ್ತು ಆರ್ಯ ಮನಸ್ಸು ಎಂದು ಭೇದ ಮಾಡಿ ಬರೆದದ್ದು ಮರೆಯುವಂಥವಲ್ಲ. ಜೆರೂಸಲೇಮಿನ ಯಹೂದಿ ಅನುಭಾವದ ಮಹಾ ವಿದ್ವಾಂಸ ಗೆರ್ಶೋಮ್ ಶೋಲೆಮ್‌ಗೆ 1947ರಲ್ಲಿ ಅಸ್ಕೋನಾದಿಂದ ಆಹ್ವಾನ ಬಂದಾಗ ಆತ ಹಿಂಜರಿದದ್ದು ಇದರಿಂದಲೇ. ಥೆರೆಸಿಯನ್‌ಸ್ಟಾಟ್ ಬಂದಿಶಿಬಿರದಿಂದ ಬದುಕಿ ಬಂದಿದ್ದ ಹಿರಿಯ ರಬ್ಬಿ ಲಿಯೊ ಬೆಕ್ ಅವರನ್ನು ಆತ ಕೇಳಿದರು. ತಾವು ಯುಂಗ್ ಜೊತೆ ಈ ವಿಷಯವನ್ನು ಮುಖಾಮುಖಿ ಮಾತನಾಡಿರುವುದಾಗಿಯೂ ಯುಂಗ್ ತಮ್ಮ ಕಾಲು ಜಾರಿದ್ದನ್ನು ಒಪ್ಪಿಕೊಂಡಿದ್ದಾಗಿಯೂ ಬೆಕ್ ತಿಳಿಸಿದ ಮೇಲೆ ಶೋಲೆಮ್ ಹೋಗಲು ಮನಸ್ಸು ಮಾಡಿದರು. 1949ರಿಂದ ಮುಂದೆ ಶೋಲೆಮ್, ಫ್ರಾನ್ಸಿನ ಇಸ್ಲಾಮಿ ತತ್ತ್ವಜ್ಞಾನದ ವಿದ್ವಾಂಸ ಆನ್ರಿ ಕೋರ್ಬಾಂ, 1950ರಿಂದ ರುಮೇನಿಯಾದ ಮಿರ್ಚಾ ಎಲಿಯಾಡೆ ಇವರು ಕೂಟದ ಆಧಾರಸ್ತಂಭಗಳಾದರು. ಎಲಿಯಾಡೆ 1930ರ ದಶಕದಲ್ಲಿ ತಮ್ಮ ನಾಡಿನ ಉಗ್ರ ಬಲಪಂಥೀಯ ಚಳವಳಿಗೆ ಒಲಿದಿದ್ದುದನ್ನು ಆ ಮೇಜಿನಲ್ಲಿ ಬಿಚ್ಚಿಟ್ಟವರಲ್ಲ. ಈ ಮೂವರನ್ನೂ ಕುರಿತು 1999ರಲ್ಲಿ ಬಂದ ಸ್ಟೀವನ್ ವಾಸರ್‌ಸ್ಟ್ರಾಮ್ ಅವರ ಅಧ್ಯಯನವು ಇತಿಹಾಸವನ್ನು ಬಿಟ್ಟು ಸಂಕೇತಗಳ ಲೋಕಕ್ಕೆ ಸರಿದ ಈ ಮಾರ್ಗವನ್ನು ಕಟುವಾಗಿ ಪ್ರಶ್ನಿಸಿದೆ. ಆ ಪ್ರಶ್ನೆ ನ್ಯಾಯವಾದದ್ದೇ. ಸಾರ್ವಜನಿಕ ಚರ್ಚೆಯಿಲ್ಲದ ಕೂಟದಲ್ಲಿ ಸೌಜನ್ಯವೂ ಮೌನವೂ ಒಂದನ್ನೊಂದು ಹೋಲುತ್ತವೆ.

ಭಾಷೆಯ ವಿಚಾರದಲ್ಲಿ ಈ ಜನರ ಬದುಕೇ ಒಂದು ಅಧ್ಯಯನ. ಬರ್ಲಿನ್ನಿನಲ್ಲಿ ಹುಟ್ಟಿದ ಶೋಲೆಮ್ 1923ರಲ್ಲಿ ಜರ್ಮನ್ ನೆಲವನ್ನು ಬಿಟ್ಟು ಜೆರೂಸಲೇಮಿಗೆ ಹೋಗಿ ಹೀಬ್ರೂವಿನಲ್ಲಿ ಕಲಿಸಿದವರು, ಬರೆದವರು. ಅವರ ಸಹೋದರನನ್ನು ಬೂಖೆನ್‌ವಾಲ್ಡ್ ಶಿಬಿರದಲ್ಲಿ ಕೊಲ್ಲಲಾಯಿತು. ಅಂಥವರು ಬೇಸಿಗೆಗಳಲ್ಲಿ ಅಸ್ಕೋನಾಕ್ಕೆ ಬಂದು, ತಟಸ್ಥ ದೇಶದ ನೆಲದ ಮೇಲೆ ನಿಂತು, ಜರ್ಮನ್ ಭಾಷೆಯಲ್ಲಿ ಎರಡೆರಡು ಗಂಟೆ ಮಾತನಾಡಿದರು. ಕಬ್ಬಾಲಾ ಮತ್ತು ಅದರ ಸಂಕೇತಗಳನ್ನು ಕುರಿತು 1960ರಲ್ಲಿ ಬಂದ ಅವರ ಪ್ರಸಿದ್ಧ ಗ್ರಂಥ ಈ ಭಾಷಣಗಳಿಂದ ಆದದ್ದು. ಹೀಬ್ರೂವಿನಲ್ಲಿ ಬರೆಯುವಾಗ ಎದುರಿಗಿದ್ದವರು ಆ ಪಠ್ಯಗಳನ್ನು ಬಲ್ಲವರು. ಜರ್ಮನ್‌ನಲ್ಲಿ ಆಡುವಾಗ ಎದುರಿಗಿದ್ದವರು ಪ್ರಾಣಿಶಾಸ್ತ್ರಜ್ಞರು, ಇಸ್ಲಾಮಿ ವಿದ್ವಾಂಸರು. ಸಾರವನ್ನು ಹಿಂಡಿ ಹೇಳುವ ಅನಿವಾರ್ಯತೆ ಆ ಗ್ರಂಥಕ್ಕೆ ಬೇರೊಂದು ಬಗೆಯ ನಿಚ್ಚಳತೆಯನ್ನು ಕೊಟ್ಟಿತು. ಎಲಿಯಾಡೆ ಶಾಸ್ತ್ರವನ್ನು ಫ್ರೆಂಚ್‌ನಲ್ಲಿ ಬರೆದರೂ ಕಥೆ ಕಾದಂಬರಿಗಳಿಗೆ ರುಮೇನಿಯನ್ನನ್ನೇ ಉಳಿಸಿಕೊಂಡರು. ಹಂಗೇರಿಯ ಪುರಾಣಶಾಸ್ತ್ರಜ್ಞ ಕಾರೋಯ್ ಕೆರೇನ್ಯಿ ಯುದ್ಧಕಾಲದಲ್ಲಿ ತಿಚಿನೋ ಪ್ರಾಂತಕ್ಕೆ ಬಂದು ನೆಲೆಸಿ ಜರ್ಮನ್‌ನಲ್ಲಿ ಬರೆದರು. ತಮ್ಮ ಊರಿನ ಭಾಷೆ ಒಂದು, ಗ್ರಂಥಸ್ಥವಾಗುವ ಭಾಷೆ ಇನ್ನೊಂದು ಎಂಬ ಸ್ಥಿತಿ ಎರಾನೋಸ್‌ನಲ್ಲಿ ಅಪವಾದವಾಗಿರಲಿಲ್ಲ. ವಾರ್ಷಿಕವು ಕ್ರಮೇಣ ಜರ್ಮನ್, ಫ್ರೆಂಚ್, ಇಂಗ್ಲಿಷ್ ಮೂರರಲ್ಲಿಯೂ ಭಾಷಣಗಳನ್ನು ಅನುವಾದಿಸದೆ, ಆಡಿದ ಭಾಷೆಯಲ್ಲಿಯೇ ಅಚ್ಚುಮಾಡತೊಡಗಿತು. ಓದುಗನಿಗೆ ಮೂರೂ ಬರಬೇಕು, ಇಲ್ಲವೇ ಒಂದು ಭಾಗವನ್ನು ಬಿಟ್ಟುಕೊಡಬೇಕು.

ಹೊರಲೋಕಕ್ಕೆ ಈ ಕೂಟ ತಿಳಿದದ್ದು ಮಾತ್ರ ಇಂಗ್ಲಿಷ್‌ನಿಂದ, ಅದೂ ಅಮೆರಿಕದ ಹಣದಿಂದ. ಪಾಲ್ ಮತ್ತು ಮೇರಿ ಮೆಲನ್ ದಂಪತಿ ಯುದ್ಧಕ್ಕೆ ಮೊದಲು ಅಸ್ಕೋನಾಕ್ಕೆ ಬಂದು ಹೋಗಿದ್ದರು. ಅವರು ಸ್ಥಾಪಿಸಿದ ಬೋಲಿಂಗನ್ ಪ್ರತಿಷ್ಠಾನವು ಓಲ್ಗಾ ಅವರಿಗೆ ನೆರವಾಯಿತು. ಜೋಸೆಫ್ ಕ್ಯಾಂಬೆಲ್ ಸಂಪಾದನೆಯಲ್ಲಿ 1954ರಿಂದ 1968ರ ನಡುವೆ ಆಯ್ದ ಭಾಷಣಗಳ ಆರು ಇಂಗ್ಲಿಷ್ ಸಂಪುಟಗಳು ಬಂದವು. ಕ್ಯಾಂಬೆಲ್ ವರ್ಷಗಳ ಕ್ರಮವನ್ನು ಕೈಬಿಟ್ಟು ವಿಷಯವಾರು ಆಯ್ದರು. ಭಾರತದ ವಿಶ್ವವಿದ್ಯಾಲಯದ ಗ್ರಂಥಾಲಯಗಳಲ್ಲಿ ಎರಾನೋಸ್ ಎಂದರೆ ಸಾಮಾನ್ಯವಾಗಿ ಈ ಆರು ಸಂಪುಟಗಳೇ. ಯಾವುದು ಯಾವುದಕ್ಕೆ ಉತ್ತರವಾಗಿ ಹುಟ್ಟಿತೆಂಬ ಜಾಡು ಅಲ್ಲಿ ಕಳೆದುಹೋಗಿದೆ.

ಈ ಎಲ್ಲ ಭಾಷೆಗಳ ನಡುವೆ ಇಲ್ಲದಿದ್ದದ್ದು ಇಟಾಲಿಯನ್. ಅಸ್ಕೋನಾ ಇರುವುದು ತಿಚಿನೋ ಪ್ರಾಂತದಲ್ಲಿ. ಅಲ್ಲಿನ ಜನರ ಆಡಳಿತ ಭಾಷೆ ಇಟಾಲಿಯನ್, ಮನೆಮಾತು ಲೊಂಬಾರ್ಡ್ ವರ್ಗದ ಉಪಭಾಷೆಗಳು. ಸ್ವಿಟ್ಜರ್‌ಲೆಂಡಿನಲ್ಲಿ ಇಟಾಲಿಯನ್ ಅಲ್ಪಸಂಖ್ಯಾತ ಭಾಷೆ. 1882ರಲ್ಲಿ ಗೊಟ್ಹಾರ್ಡ್ ಸುರಂಗದ ರೈಲು ತೆರೆದ ಮೇಲೆ ಉತ್ತರದ ಜರ್ಮನ್ ಭಾಷಿಕರು ಬಿಸಿಲು ಮತ್ತು ಸರೋವರವನ್ನು ಅರಸಿ ಇಳಿದು ಬಂದರು. ಮನೆ ಕೊಂಡರು, ಹೋಟೆಲ್ ತೆರೆದರು. ಅಸ್ಕೋನಾದ ಮೇಲಣ ಗುಡ್ಡಕ್ಕೆ ಮೋಂಟೆ ವೆರಿತಾ, ಎಂದರೆ ಸತ್ಯದ ಬೆಟ್ಟ, ಎಂದು ಹೆಸರಿಟ್ಟು 1900ರ ಸುಮಾರಿಗೆ ಸಸ್ಯಾಹಾರಿಗಳ, ಸರಳಜೀವಿಗಳ ವಸಾಹತು ಕಟ್ಟಿದವರೂ ಹೊರಗಿನವರೇ. ತಮ್ಮ ಊರಿನ ಬೀದಿಗಳಲ್ಲಿ ಜರ್ಮನ್ ಫಲಕಗಳು ಹೆಚ್ಚುವುದನ್ನು ಕಂಡ ಪ್ರಾಂತದ ಆಡಳಿತ 1931ರಲ್ಲಿ ಅಂಗಡಿ ಫಲಕಗಳಲ್ಲಿ ಇಟಾಲಿಯನ್ ಇರಲೇಬೇಕೆಂದು ನಿಯಮ ಮಾಡಿತು. ಮರುವರ್ಷ ಅದು ದೇಶದ ಉಚ್ಚ ನ್ಯಾಯಪೀಠದ ಮುಂದೆ ವ್ಯಾಜ್ಯವಾಯಿತು. ಎರಾನೋಸ್ ಆರಂಭವಾದದ್ದು ಅದರ ಮುಂದಿನ ವರ್ಷ, ಅದೇ ಸರೋವರದ ದಂಡೆಯಲ್ಲಿ, ಜರ್ಮನ್‌ನಲ್ಲಿ. ರೋಮ್‌ನ ಬೂಯೊನಾಯುತಿ ತಮ್ಮ ಮಾತೃಭಾಷೆಯನ್ನಾಡುವ ಊರಿಗೆ ಬಂದು ಮಾಡಿದ ಮೊದಲ ವರ್ಷದ ಭಾಷಣವೂ ವಾರ್ಷಿಕದಲ್ಲಿ ಜರ್ಮನ್ ರೂಪದಲ್ಲಿ ಅಚ್ಚಾಗಿದೆ. 1938ರಲ್ಲಿ ಸ್ವಿಸ್ ಮತದಾರರು ರೊಮಾನ್ಶ್ ಎಂಬ ಬಹು ಸಣ್ಣ ಭಾಷೆಗೂ ರಾಷ್ಟ್ರೀಯ ಭಾಷೆಯ ಸ್ಥಾನ ಕೊಟ್ಟರು. ಭಾಷಾ ಹಕ್ಕಿನ ಈ ಚರ್ಚೆಗಳು ಸುತ್ತಲೂ ನಡೆಯುತ್ತಿದ್ದರೂ ಮನುಕುಲದ ಮೂಲ ಸಂಕೇತಗಳನ್ನು ಅರಸಿದ ತೋಟದಲ್ಲಿ ಅವುಗಳ ಸದ್ದು ಕೇಳಿಸುವುದಿಲ್ಲ. ತೋಟದ ಒಂದು ಕಲ್ಲಿನ ಮೇಲೆ, ಈ ಸ್ಥಳದ ಅಜ್ಞಾತ ದೇವತೆಗೆ ಅರ್ಪಿತವೆಂಬ ಅರ್ಥದ ಬರಹವನ್ನು ಕೆತ್ತಲಾಗಿದೆ. ಬರಹ ಲ್ಯಾಟಿನ್‌ನಲ್ಲಿದೆ. ಸ್ಥಳದೇವತೆ ಅಜ್ಞಾತವಾಗಿ ಉಳಿದದ್ದರಲ್ಲಿ ಸ್ಥಳದ ಮಾತನ್ನು ಕಲಿಯದಿದ್ದುದರ ಪಾಲೂ ಇರಬಹುದು.

ಇದು ಬರಿಯ ಸೌಜನ್ಯದ ಕೊರತೆಯಲ್ಲ, ಶಾಸ್ತ್ರದ ಕೊರತೆಯೂ ಹೌದು. ಸಂಕೇತಗಳು ಎಲ್ಲ ಜನರಲ್ಲಿಯೂ ಒಂದೇ ಎಂಬ ನಂಬಿಕೆ ಬಲವಾಗಿದ್ದಲ್ಲಿ ಯಾವ ಭಾಷೆಯಲ್ಲಿ, ಯಾರ ಬಾಯಿಂದ, ಯಾರಿಗಾಗಿ ಎಂಬ ಪ್ರಶ್ನೆ ಗೌಣವಾಗುತ್ತದೆ. ಓಲ್ಗಾ ಯುರೋಪು ಅಮೆರಿಕಗಳ ಗ್ರಂಥಾಲಯಗಳನ್ನು ಸುತ್ತಿ ಇಂಥ ಮೂಲ ಬಿಂಬಗಳ ಸಾವಿರಾರು ಚಿತ್ರಗಳನ್ನು ಸಂಗ್ರಹಿಸಿದರು. ಅದು ಅಮೂಲ್ಯವಾದ ಭಂಡಾರ, ಲಂಡನ್ನಿನ ವಾರ್‌ಬರ್ಗ್ ಸಂಸ್ಥೆಗೂ ನ್ಯೂಯಾರ್ಕಿಗೂ ಅದರ ಪ್ರತಿಗಳು ಸೇರಿವೆ. ಆದರೆ ಚಿತ್ರವನ್ನು ಅದರ ಊರಿನಿಂದ ಎತ್ತಿ ಇನ್ನೊಂದರ ಪಕ್ಕದಲ್ಲಿರಿಸಿದಾಗ ಹೋಲಿಕೆ ಕಾಣುವಷ್ಟು ಸುಲಭವಾಗಿ ವ್ಯತ್ಯಾಸ ಕಾಣುವುದಿಲ್ಲ. ಎರಾನೋಸ್‌ನ ಹೊರಗೆ, ಎಲಿಯಾಡೆ ಕಲಿಸುತ್ತಿದ್ದ ಷಿಕಾಗೊ ವಿಶ್ವವಿದ್ಯಾಲಯದಲ್ಲಿಯೇ, ಮೈಸೂರಿನಲ್ಲಿ ಹುಟ್ಟಿ ತಮಿಳು, ಕನ್ನಡ, ಇಂಗ್ಲಿಷ್ ಮೂರರಲ್ಲಿ ಬೆಳೆದ ಎ. ಕೆ. ರಾಮಾನುಜನ್ ಬೇರೊಂದು ದಾರಿ ಹಿಡಿದರು. ಭಾರತದ ಈಡಿಪಸ್ ಕುರಿತ ಅವರ ಪ್ರಬಂಧದಲ್ಲಿ ಉತ್ತರ ಕರ್ನ���ಟಕದಲ್ಲಿ ದೊರೆತ ಒಂದು ಕನ್ನಡ ಕಥೆಯಿದೆ. ತನ್ನ ಮಗನನ್ನೇ ಮದುವೆಯಾಗುವಳೆಂಬ ವಿಧಿಬರಹ ಹೊತ್ತ ಹುಡುಗಿಯ ಕಥೆ ಅದು. ವಿಧಿಯನ್ನು ತಪ್ಪಿಸಲು ಆಕೆ ಕಾಡಿಗೆ ಹೋಗುತ್ತಾಳೆ, ಹುಟ್ಟಿದ ಮಗುವನ್ನು ಸೀರೆಯ ತುಂಡಿನಲ್ಲಿ ಸುತ್ತಿ ನೀರಿಗೆ ಬಿಡುತ್ತಾಳೆ. ಕೊನೆಗೆ ಆ ಸೀರೆಯ ತುಂಡಿನಿಂದಲೇ ಗಂಡನಾಗಿರುವವನು ಮಗನೆಂದು ತಿಳಿದು, ತೊಟ್ಟಿಲಿನ ಕೂಸಿಗೆ ಮಗನೆಂದೂ ಮೊಮ್ಮಗನೆಂದೂ ಮೈದುನನೆಂದೂ ಜೋಗುಳ ಹಾಡಿ ಪ್ರಾಣ ಬಿಡುತ್ತಾಳೆ. ಗ್ರೀಕ್ ಕಥೆಯಲ್ಲಿ ಅರಿವು ಮಗನದು, ಕಣ್ಣು ಕಿತ್ತುಕೊಳ್ಳುವವನೂ ಅವನೇ. ಕನ್ನಡದ ಕಥೆಯಲ್ಲಿ ಅರಿವೂ ಸಂಕಟವೂ ತಾಯಿಯವು. ಹೆಂಗಸರು ಹೇಳುವ ಕಥೆಯಾದುದರಿಂದ ಕಥೆಯ ಕಣ್ಣೇ ಬೇರೆ ಕಡೆಗಿದೆ. ಅಂಶಗಳೆಲ್ಲ ಒಂದೇ ಆಗಿದ್ದೂ ಅರ್ಥ ಬೇರೆಯಾಗುತ್ತದೆಂಬುದನ್ನು ತೋರಿಸಲು ಅವರಿಗೆ ಆ ಕಥೆಯನ್ನು ಅದರ ಮಾತಿನಲ್ಲಿ ಕೇಳಿರುವುದು ಅಗತ್ಯವಾಗಿತ್ತು. ಸೀರೆ, ತೊಟ್ಟಿಲು, ಬಂಧುವಾಚಕ ಪದಗಳು, ಇವನ್ನು ತೆಗೆದುಹಾಕಿ ಉಳಿಸಿದ ಮೂಲಬಿಂಬದಲ್ಲಿ ಆ ತಾಯಿ ಸಿಗುವುದಿಲ್ಲ.

ಪೋರ್ಟ್‌ಮಾನ್ 1982ರಲ್ಲಿ ತೀರಿಕೊಂಡರು. ಶೋಲೆಮ್ ಅದೇ ವರ್ಷ. ಕೋರ್ಬಾಂ ನಾಲ್ಕು ವರ್ಷ ಮೊದಲೇ. 1988ರ ಕೂಟದ ಬಳಿಕ ರಿಟ್ಸೆಮಾ ಹಳೆಯ ಪದ್ಧತಿಯನ್ನು ನಿಲ್ಲಿಸಿ ಚೀನಾದ 'ಯಿ ಚಿಂಗ್' ಗ್ರಂಥದ ಅಧ್ಯಯನಕ್ಕೆ ತಿರುಗಿದರು. ಅದನ್ನೊಪ್ಪದ ಗೆಳೆಯರು ಬೇರೆಯಾಗಿ ಭಾಷಣಗಳನ್ನು ಮುಂದುವರಿಸಿದರು. 1989ರಿಂದ ಮೋಂಟೆ ವೆರಿತಾ ಗುಡ್ಡದ ಮೇಲೆ ಜ್ಯೂರಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಸಮ್ಮೇಳನ ಕೇಂದ್ರವಿದೆ. ಅದಕ್ಕಿಟ್ಟಿರುವುದು ತಿಚಿನೋದವನೇ ಆದ, ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಾಂತದ ಶಾಲೆಗಳಿಗಾಗಿ ದುಡಿದ ಸ್ಟೆಫಾನೋ ಫ್ರಾನ್ಸ್ಕೀನಿಯ ಹೆಸರು. ಇಟಾಲಿಯನ್ ನೆಲೆಯ ಮೊದಲ ಸ್ವಿಸ್ ವಿಶ್ವವಿದ್ಯಾಲಯ ಲುಗಾನೋದಲ್ಲಿ ಬಾಗಿಲು ತೆರೆದದ್ದು 1996ರಲ್ಲಿ, ಮೋಶಾದ ತೋಟದಲ್ಲಿ ಮೊದಲ ಭಾಷಣ ನಡೆದ 63 ವರ್ಷಗಳ ಬಳಿಕ.